ಗಾಳಿ ಬಿದ್ದಾಗ ನೆನಪಾಗುವ ಎಂಜಿನ್: ಹಾಯಿದೋಣಿಯಲ್ಲಿ ಪುಟ್ಟ ಔಟ್‌ಬೋರ್ಡನ್ನು ಜೋಪಾನವಾಗಿ ನಡೆಸುವ ಬಗೆ

ಸೀತಾ ಮತ್ತು ಸ್ವರ್ಣಾ ನದಿಗಳು ಒಟ್ಟಿಗೆ ಕಡಲು ಸೇರುವ ಕೋಡಿ ಬೆಂಗ್ರೆಯಂಥ ಒಂದು ಅಳಿವೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಡಿಸೆಂಬರಿನ ಸಂಜೆ. ಮಧ್ಯಾಹ್ನದಿಂದ ಬೀಸಿದ ಕಡಲಗಾಳಿ ಹೊತ್ತು ಇಳಿಯುತ್ತಿದ್ದಂತೆ ಬಿದ್ದುಹೋಗಿದೆ. ಇಪ್ಪತ್ತು ಅಡಿಯ ಹಾಯಿದೋಣಿಯೊಂದು ಕಡಲಿನಿಂದ ಹೊಳೆಯೊಳಕ್ಕೆ ಬರಬೇಕು. ಹಾಯಿ ಒಣಹಾಕಿದ ಪಂಚೆಯಂತೆ ಜೋತಿದೆ. ಇಳಿತ ಶುರುವಾಗಿ ಹೊಳೆಯ ನೀರು ಎದುರಿಗೆ ನುಗ್ಗುತ್ತಿದೆ. ಪಕ್ಕದಲ್ಲೇ ನೀರಿನಡಿಯ ಮರಳುದಿಬ್ಬದ ಮೇಲೆ ಅಲೆ ಒಡೆಯುವ ಸದ್ದು. ದೋಣಿಯವರು ಹಿಂಬದಿಗೆ ಸಿಕ್ಕಿಸಿದ ಪುಟ್ಟ ಎಂಜಿನ್ನಿನ ಹಗ್ಗ ಎಳೆಯುತ್ತಾರೆ. ಅದು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.

ಹಾಯಿದೋಣಿಯ ಎಂಜಿನ್ನಿಗೆ ದಿನವಿಡೀ ಕೆಲಸವಿಲ್ಲ. ಗಾಳಿ ಇರುವಷ್ಟು ಹೊತ್ತು ಅದು ಸುಮ್ಮನೆ ನೇತಾಡುವ 25 ಕಿಲೋ ಭಾರ. ಅದು ಬೇಕಾಗುವುದು ಅಳಿವೆ ದಾಟುವಾಗ, ಜೆಟ್ಟಿಗೆ ಒರಗಿಸುವಾಗ, ಬೇರೆ ದೋಣಿಗಳ ನಡುವೆ ನುಸುಳುವಾಗ. ಎಲ್ಲವೂ ಇಕ್ಕಟ್ಟಿನ ಜಾಗಗಳೇ. ಕಲ್ಲು ಹತ್ತಿರ, ಜನ ಹತ್ತಿರ, ಯೋಚಿಸಲು ಸಮಯ ಕಡಿಮೆ. ಹಾಗಾಗಿ ಈ ಎಂಜಿನ್ನಿನ ಸುರಕ್ಷತೆ ಎಂದರೆ ಎರಡು ಮಾತು: ಅದು ನಮ್ಮನ್ನು ಗಾಯಗೊಳಿಸಬಾರದು, ಬೇಕಾದ ಗಳಿಗೆಯಲ್ಲಿ ಕೈಕೊಡಬಾರದು.

ನಮ್ಮ ಕರಾವಳಿಯ ನಾಡದೋಣಿಗಳಿಗೆ ಔಟ್‌ಬೋರ್ಡ್ ಹೊಸದೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದಾಗಲೂ 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಅವಕಾಶವಿದೆ. ಅಂದರೆ ಕಡಲು ಅತಿ ಒರಟಾಗಿರುವ ತಿಂಗಳುಗಳಲ್ಲಿ ನೀರಿಗಿಳಿಯುವುದು ಈ ಪುಟ್ಟ ಎಂಜಿನ್ನುಗಳೇ. ಆದರೆ ಎರಡು ಸಂಗತಿ ಬದಲಾಗಿವೆ. ಸೀಮೆಎಣ್ಣೆಯ ಎಂಜಿನ್ ಬಿಟ್ಟು ಪೆಟ್ರೋಲ್ ಎಂಜಿನ್ನಿಗೆ ಹೋಗುವವರಿದ್ದಾರೆ, ಆ ಪೆಟ್ರೋಲೂ ಹಿಂದಿನ ಪೆಟ್ರೋಲ್ ಅಲ್ಲ. ಜೊತೆಗೆ ಹವ್ಯಾಸಕ್ಕೆಂದು ಹಾಯಿ ಕಲಿಯುವವರು ಗಾಳಿಯ ಪಾಠವನ್ನು ಶ್ರದ್ಧೆಯಿಂದ ಕಲಿತು, ಎಂಜಿನ್ನಿನದನ್ನು ಹಗ್ಗ ಎಳೆಯುವುದಕ್ಕೇ ಮುಗಿಸಿಬಿಡುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗೆ.

ಔಟ್‌ಬೋರ್ಡ್ ಎಂದರೆ ಏನು?

ದೋಣಿಯ ಹೊಟ್ಟೆಯೊಳಗೆ ಕೂರಿಸಿದ ಎಂಜಿನ್ ಇನ್‌ಬೋರ್ಡ್. ಹಿಂಬದಿಯ ಹಲಗೆಗೆ ಹೊರಗಡೆಯಿಂದ ಸಿಕ್ಕಿಸಿದ್ದು ಔಟ್‌ಬೋರ್ಡ್. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್ರೂಡ್ ಎಂಬಾತ 1909ರಲ್ಲಿ ಇದನ್ನು ಮಾರುಕಟ್ಟೆಯಲ್ಲಿ ಗೆಲ್ಲುವ ಸರಕಾಗಿ ಮಾಡಿದ. ಅಂದಿನ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ.

ಮೇಲ್ಗಡೆ ಮುಚ್ಚಳದೊಳಗೆ ಸ್ಕೂಟರಿನದಕ್ಕೆ ಹತ್ತಿರದ ಒಂದು ಎಂಜಿನ್. ಅದರಿಂದ ಕೆಳಕ್ಕೆ ಉದ್ದನೆಯ ಕಾಲು, ಕಾಲಿನೊಳಗೆ ತಿರುಗುವ ಸರಳು. ತುದಿಯಲ್ಲಿ ಗೇರುಗಳ ಪೆಟ್ಟಿಗೆ, ಅದರ ಹಿಂದೆ ಪ್ರೊಪೆಲ್ಲರ್. ಮುಂದಕ್ಕೆ ಚಾಚಿದ ಹಿಡಿಕೆಯನ್ನು ತಿರುಚಿದರೆ ವೇಗ ಹೆಚ್ಚುತ್ತದೆ, ಪಕ್ಕಕ್ಕೆ ತಳ್ಳಿದರೆ ಎಂಜಿನ್ನೇ ಹೊರಳಿ ದೋಣಿ ತಿರುಗುತ್ತದೆ. ಇಡೀ ಎಂಜಿನ್ ದೋಣಿಗೆ ಅಂಟಿಕೊಂಡಿರುವುದು ಎರಡು ಕೈತಿರುಪುಗಳ ಬಲದಿಂದ. ಅದುರಿ ಅದುರಿ ಆ ತಿರುಪುಗಳು ಸಡಿಲವಾಗುತ್ತವೆ. ಪ್ರತಿ ಸಲ ಹೊರಡುವ ಮುನ್ನ ಬಿಗಿ ಮಾಡಬೇಕು. ಜೊತೆಗೆ ಗಟ್ಟಿ ಹಗ್ಗವೊಂದರಿಂದ ಎಂಜಿನ್ನನ್ನು ದೋಣಿಗೆ ಕಟ್ಟಿಡಬೇಕು. ತಿರುಪು ಬಿಟ್ಟರೂ ಎಂಜಿನ್ ಕಡಲ ತಳ ಸೇರಬಾರದು.

ತಂಪು ಮಾಡುವ ಬಗೆ ಮಾತ್ರ ಸ್ಕೂಟರಿಗಿಂತ ಬೇರೆ. ಕಾಲಿನ ಕೆಳಭಾಗದ ಜಾಲರಿಯ ಮೂಲಕ ಒಂದು ಪುಟ್ಟ ರಬ್ಬರ್ ಚಕ್ರ ಕಡಲ ನೀರನ್ನೇ ಹೀರಿ ಮೇಲಕ್ಕೆ ತಳ್ಳುತ್ತದೆ. ಆ ನೀರು ಎಂಜಿನ್ನನ್ನು ಸುತ್ತಿ ಹೊರಬೀಳುತ್ತದೆ. ಅದರಲ್ಲೊಂದು ಸಣ್ಣ ಧಾರೆ ನಮ್ಮ ಕಣ್ಣಿಗೆ ಬೀಳುವಂತೆ ಮೇಲಿನ ತೂತಿನಿಂದ ಚಿಮ್ಮುತ್ತದೆ. ವೈದ್ಯರು ನಾಡಿ ನೋಡುವಂತೆ ದೋಣಿಯವರು ಈ ಧಾರೆಯನ್ನು ನೋಡುತ್ತಿರಬೇಕು. ಧಾರೆ ನಿಂತರೆ ಜಾಲರಿಗೆ ಪ್ಲಾಸ್ಟಿಕ್ ಚೀಲವೋ ಕೆಸರೋ ಕಟ್ಟಿಕೊಂಡಿದೆ, ಇಲ್ಲವೇ ರಬ್ಬರ್ ಚಕ್ರ ಹರಿದಿದೆ. ಎರಡರಲ್ಲಿ ಯಾವುದಾದರೂ ಎಂಜಿನ್ನನ್ನು ಆಗಲೇ ಆಫ್ ಮಾಡಬೇಕು. ನೀರಿಲ್ಲದೆ ಒಣ ನೆಲದ ಮೇಲೆ ಪರೀಕ್ಷೆಗೆಂದು ಎಂಜಿನ್ ಓಡಿಸಿದರೂ ಆ ರಬ್ಬರ್ ಉಜ್ಜಿ ಸುಟ್ಟುಹೋಗುತ್ತದೆ. ನೀರೇ ಅದಕ್ಕೆ ಎಣ್ಣೆಯ ಹಾಗೆ.

ಶಕ್ತಿಗಿಂತ ಕಾಲಿನ ಉದ್ದ ಮುಖ್ಯ

ಹೊಸಬರ ಮೊದಲ ಪ್ರಶ್ನೆ ಎಷ್ಟು ಅಶ್ವಶಕ್ತಿ ಬೇಕೆಂಬುದು. ಹಾಯಿದೋಣಿ ನೀರನ್ನು ಸೀಳಿ ಸಾಗುತ್ತದೆ, ಸ್ಪೀಡ್‌ಬೋಟಿನ ಹಾಗೆ ನೀರಿನ ಮೇಲೇರಿ ಜಾರುವುದಿಲ್ಲ. ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಅದು ಸಿಕ್ಕಿಕೊಂಡಿರುತ್ತದೆ. ನೀರಿಗೆ ತಾಗುವ ಭಾಗ 20 ಅಡಿ ಉದ್ದವಿದ್ದರೆ ಅದರ ಸಹಜ ಮೇಲ್ಮಿತಿ ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರ್. ಅಲ್ಲಿಗೆ ಮುಟ್ಟಿಸಲು 5 ಅಥವಾ 6 ಅಶ್ವಶಕ್ತಿ ಸಾಕು. 15ರ ಎಂಜಿನ್ ಹಾಕಿದರೆ ಹಿಂಬದಿ ಕುಸಿಯುತ್ತದೆ, ಪೆಟ್ರೋಲ್ ಮುಗಿಯುತ್ತದೆ, ವೇಗ ಹೆಚ್ಚುವುದು ಅತ್ಯಲ್ಪ.

ನಿಜವಾಗಿ ಕೇಳಬೇಕಾದದ್ದು ಕಾಲಿನ ಉದ್ದ. ಔಟ್‌ಬೋರ್ಡುಗಳು ಸಾಮಾನ್ಯವಾಗಿ 15, 20, 25 ಇಂಚಿನ ಕಾಲಿನಲ್ಲಿ ಬರುತ್ತವೆ. ಅಲೆಯ ಮೇಲೆ ಹಾಯಿದೋಣಿ ಮುಂದಕ್ಕೆ ಬಾಗಿದಾಗ ಅದರ ಹಿಂಬದಿ ಮೇಲೇಳುತ್ತದೆ. ಗಿಡ್ಡ ಕಾಲಿನ ಎಂಜಿನ್ನಾದರೆ ಪ್ರೊಪೆಲ್ಲರ್ ನೀರಿನಿಂದ ಹೊರಬಂದು ಗಾಳಿಯಲ್ಲಿ ಗಿರ್ರೆಂದು ತಿರುಗುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ಸಾಗುವುದಿಲ್ಲ. ಅಳಿವೆಯ ಅಲೆಗಳ ನಡುವೆ ಇದು ಒಂದೆರಡು ಸಲವಾದರೂ ಸಾಕು, ದೋಣಿ ಅಡ್ಡ ತಿರುಗಿಬಿಡುತ್ತದೆ. ಆದ್ದರಿಂದ ಹಾಯಿದೋಣಿಗೆ ಉದ್ದ ಕಾಲಿನದೇ ಬೇಕು. ಎಂಜಿನ್ ಓಡುವಾಗ ಇಬ್ಬರು ಮೂವರು ಒಟ್ಟಿಗೇ ಮುಂತುದಿಗೆ ಹೋದರೂ ಹಿಂಬದಿ ಎದ್ದು ಇದೇ ಪಾಡಾಗುತ್ತದೆ. ಲಂಗರು ಹಾಕಲು ಒಬ್ಬರು ಹೋದರೆ ಸಾಕು.

ಮಣಿಕಟ್ಟಿನ ಕೆಂಪು ಹಗ್ಗ

ಎಂಜಿನ್ನಿನ ಮೇಲೆ ಸಾಮಾನ್ಯವಾಗಿ ಒಂದು ಕೆಂಪು ಗುಂಡಿ, ಅದಕ್ಕೆ ಸಿಕ್ಕಿಸಿದ ಒಂದು ತುಂಡು, ತುಂಡಿಗೆ ಸುರುಳಿ ಸುರುಳಿಯಾದ ಕೆಂಪು ಹಗ್ಗ ಇರುತ್ತವೆ. ಹಗ್ಗದ ಇನ್ನೊಂದು ತುದಿ ಎಂಜಿನ್ ನಡೆಸುವವರ ಮೈಗೆ. ಅವರು ನೀರಿಗೆ ಬಿದ್ದರೆ ತುಂಡು ಕಿತ್ತು ಬರುತ್ತದೆ, ಎಂಜಿನ್ ಆ ಕ್ಷಣವೇ ನಿಲ್ಲುತ್ತದೆ. ಇದನ್ನು ಕಿಲ್ ಕಾರ್ಡ್ ಎನ್ನುತ್ತಾರೆ. ವ್ಯಾಯಾಮಶಾಲೆಯ ಟ್ರೆಡ್‌ಮಿಲ್ಲಿನಲ್ಲಿ ಅಂಗಿಗೆ ಸಿಕ್ಕಿಸಿಕೊಳ್ಳುವ ದಾರ ಮಾಡುವುದೂ ಇದೇ ಕೆಲಸ.

ಇದು ಯಾಕೆ ಇಷ್ಟು ಮುಖ್ಯ? ನಡೆಸುವವರು ಬಿದ್ದಾಗ ಹಿಡಿಕೆ ಕೈತಪ್ಪುತ್ತದೆ. ತಿರುಗುವ ಪ್ರೊಪೆಲ್ಲರಿನ ತಳ್ಳಾಟಕ್ಕೆ ಎಂಜಿನ್ ತಾನಾಗಿಯೇ ಒಂದು ಬದಿಗೆ ಹೊರಳುತ್ತದೆ. ಆಗ ದೋಣಿ ದೂರ ಓಡಿಹೋಗದೆ ವೃತ್ತ ಹಾಕತೊಡಗುತ್ತದೆ, ಬಿದ್ದವರ ಕಡೆಗೇ ಮತ್ತೆ ಮತ್ತೆ ಬರುತ್ತದೆ. 2013ರ ಮೇ 5ರಂದು ಇಂಗ್ಲೆಂಡಿನ ಕಾರ್ನ್‌ವಾಲಿನ ಪ್ಯಾಡ್‌ಸ್ಟೋ ಊರಿನ ಬಳಿ, ಕ್ಯಾಮೆಲ್ ನದಿಯ ಅಳಿವೆಯಲ್ಲಿ ನಡೆದದ್ದು ಇದೇ. ಒಂದೇ ಮನೆಯ ಆರು ಜನ ದೋಣಿಯಿಂದ ಎಸೆಯಲ್ಪಟ್ಟರು. ಖಾಲಿ ದೋಣಿ ಅವರ ಸುತ್ತ ತಿರುಗಿತು. ಇಬ್ಬರು ಸತ್ತರು, ಬೇರೆಯವರಿಗೆ ತೀವ್ರ ಗಾಯಗಳಾದವು. ಕೆಂಪು ಹಗ್ಗ ಯಾರ ಮೈಗೂ ಕಟ್ಟಿರಲಿಲ್ಲ ಎಂದು ತನಿಖೆ ಹೇಳಿತು. ಅದು ದೊಡ್ಡ ಎಂಜಿನ್ನಿನ ವೇಗದ ದೋಣಿ, ನಿಜ. ಆದರೆ ವೃತ್ತ ಹಾಕುವ ಗುಣ ಪುಟ್ಟ ಎಂಜಿನ್ನಿಗೂ ಇದೆ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳನ್ನು ನಡೆಸುವವರು ಇಂಥ ಸಾಧನ ಬಳಸುವುದನ್ನು ಕಡ್ಡಾಯ ಮಾಡಲಾಗಿದೆ.

ಹಾಯಿದೋಣಿಯವರು ಹೇಳುವ ಸಬೂಬು ಒಂದಿದೆ: ಹಾಯಿ ಬಿಚ್ಚಲು, ಹಗ್ಗ ಹಿಡಿಯಲು ಅತ್ತಿತ್ತ ಓಡಾಡಬೇಕು, ಕಟ್ಟಿಕೊಂಡರೆ ಎಂಜಿನ್ ಪದೇ ಪದೇ ನಿಲ್ಲುತ್ತದೆ. ಹಾಗಿದ್ದರೆ ಓಡಾಡುವ ಕೆಲಸ ಇನ್ನೊಬ್ಬರದಾಗಲಿ, ಹಿಡಿಕೆ ಹಿಡಿದವರು ಕೂತಲ್ಲೇ ಇರಲಿ. ಒಬ್ಬರೇ ಇದ್ದರೆ ಎದ್ದು ಹೋಗುವ ಮೊದಲು ಗೇರ್ ತಪ್ಪಿಸಿ ನ್ಯೂಟ್ರಲ್‌ಗೆ ತರಬೇಕು. ಹಗ್ಗವನ್ನು ಮಣಿಕಟ್ಟಿಗಿಂತ ತೊಡೆಗೆ ಸುತ್ತಿಕೊಂಡರೆ ಕೈಕೆಲಸಕ್ಕೆ ತೊಡಕಾಗದು. ಬಿಡಿ ತುಂಡೊಂದು ದೋಣಿಯಲ್ಲಿ ಯಾವಾಗಲೂ ಇರಬೇಕು, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ. ಒಂದೇ ತುಂಡಿದ್ದು ಅದು ಬಿದ್ದವರ ಜೊತೆಗೇ ನೀರು ಸೇರಿದರೆ, ದೋಣಿಯಲ್ಲಿ ಉಳಿದವರು ಎಂಜಿನ್ ಸ್ಟಾರ್ಟ್ ಮಾಡಿ ಅವರನ್ನು ತರುವುದು ಹೇಗೆ?

ನೀರಿನಡಿಯ ಮಿಕ್ಸಿ

ಪುಟ್ಟ ಎಂಜಿನ್ನಿನ ಪ್ರೊಪೆಲ್ಲರ್ ಹೆಚ್ಚುಕಡಿಮೆ ಒಂದು ಗೇಣು ಅಗಲ, ಸುಮಾರು 20 ಸೆಂಟಿಮೀಟರ್. ನೋಡಿದರೆ ಭಯ ಹುಟ್ಟಿಸುವಂಥದ್ದಲ್ಲ. ಲೆಕ್ಕ ಹಾಕಿ ನೋಡಿ. ಅತಿ ನಿಧಾನದಲ್ಲೂ ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ಹಾಕುತ್ತದೆ. ಗೇರು ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಪ್ರೊಪೆಲ್ಲರ್ ಸೆಕೆಂಡಿಗೆ ಎಂಟು ಸುತ್ತು, ಮೂರು ಅಲಗು. ಒಂದು ಸೆಕೆಂಡಿನಲ್ಲಿ 24 ಹೊಡೆತ, ಅದೂ ದೋಣಿ ತೆವಳುತ್ತಿದೆ ಎನ್ನಿಸುವಾಗ. ಅಡುಗೆಮನೆಯ ಮಿಕ್ಸಿಯ ಮುಚ್ಚಳ ತೆಗೆದು ಯಾರೂ ಕೈ ಹಾಕುವುದಿಲ್ಲ, ಕಣ್ಣಿಗೆ ಕಾಣುತ್ತದಲ್ಲ. ಇದು ಕಾಣುವುದಿಲ್ಲ.

ಹಾಗಾಗಿ ನೀರಿನಲ್ಲಿ ಜನರಿದ್ದರೆ, ಈಜುವವರಾಗಲಿ ಬಿದ್ದವರಾಗಲಿ, ನ್ಯೂಟ್ರಲ್ ಸಾಲದು. ಸನ್ನೆಕೋಲಿಗೆ ಯಾರದೋ ಮೊಣಕಾಲು ತಾಗಿದರೆ ಗೇರ್ ಬೀಳುತ್ತದೆ. ಎಂಜಿನ್ ಪೂರ್ತಿ ಆಫ್ ಆಗಬೇಕು. ಯಾರಾದರೂ ಬಿದ್ದ ಕೂಡಲೇ ಗೇರ್ ತಪ್ಪಿಸಿ, ದೋಣಿಯನ್ನು ಅವರು ಬಿದ್ದ ಬದಿಗೇ ತಿರುಗಿಸಿ. ಇದು ಕೇಳಲು ತಿರುವುಮುರುವು ಅನ್ನಿಸುತ್ತದೆ. ಆದರೆ ದೋಣಿಯ ಮೂತಿ ಬಲಕ್ಕೆ ಹೋದರೆ ಹಿಂಬದಿ ಎಡಕ್ಕೆ ಸರಿಯುತ್ತದೆ. ಪ್ರೊಪೆಲ್ಲರ್ ಇರುವುದು ಹಿಂಬದಿಯಲ್ಲಿ, ಅದು ಬಿದ್ದವರಿಂದ ದೂರವಾಗುತ್ತದೆ. ಆಮೇಲೆ ಸುತ್ತಿ ಬಂದು ನಿಧಾನವಾಗಿ ಹತ್ತಿರವಾಗಿ, ಹಗ್ಗ ಎಸೆಯುವಷ್ಟು ಸನಿಹಕ್ಕೆ ಬಂದಾಗ ಎಂಜಿನ್ ನಿಲ್ಲಿಸಿ. ಮೇಲೆ ಹತ್ತಿಸುವುದು ಪಕ್ಕದಿಂದ, ಎಂಜಿನ್ನಿನ ಕಡೆಯಿಂದ ಅಲ್ಲ.

ಪ್ರೊಪೆಲ್ಲರಿಗೆ ಅತಿ ಹೆಚ್ಚು ಸಿಲುಕುವುದು ನಮ್ಮದೇ ಹಗ್ಗ. ಹಾಯಿದೋಣಿಯ ತುಂಬ ಹಗ್ಗಗಳೇ. ಹಾಯಿ ಇಳಿಸುವ ಗಡಿಬಿಡಿಯಲ್ಲಿ ಒಂದು ತುದಿ ಅಂಚಿನಿಂದ ಜಾರಿ ನೀರಿಗಿಳಿಯುತ್ತದೆ. ಗೇರ್ ಹಾಕಿದ ಕೂಡಲೇ ಅದು ಸುತ್ತಿಕೊಂಡು ಎಂಜಿನ್ ಗಕ್ಕನೆ ನಿಲ್ಲುತ್ತದೆ. ಗೇರ್ ಹಾಕುವ ಮೊದಲು ದೋಣಿಯ ಎರಡೂ ಬದಿ ಬಗ್ಗಿ ನೋಡುವುದು ಐದು ಸೆಕೆಂಡಿನ ಕೆಲಸ. ಸಿಲುಕಿಯೇಬಿಟ್ಟರೆ ಮೊದಲು ಲಂಗರು ಹಾಕಿ ದೋಣಿ ತೇಲಿಹೋಗದಂತೆ ಮಾಡಬೇಕು. ಕೆಂಪು ತುಂಡು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಎಂಜಿನ್ನನ್ನು ಎತ್ತಿ, ಪ್ರೊಪೆಲ್ಲರನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಡಿಸಬೇಕು, ಬಿಡದಿದ್ದರೆ ಕೊಯ್ಯಬೇಕು.

ಪೆಟ್ರೋಲ್ ಸೀಮೆಎಣ್ಣೆಯಲ್ಲ

ಸೀಮೆಎಣ್ಣೆಯೊಂದಿಗೆ ಬೆಳೆದ ಕೈಗಳಿಗೆ ಪೆಟ್ರೋಲಿನ ಗುಣ ಬೇರೆಯೇ ಎಂದು ಒತ್ತಿ ಹೇಳಬೇಕಾಗುತ್ತದೆ. ಸೀಮೆಎಣ್ಣೆ ಬೆಂಕಿ ಹತ್ತುವಷ್ಟು ಆವಿ ಬಿಡಬೇಕಾದರೆ ಅದು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅಂಥ ಆವಿ ಬಿಡುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಪೆಟ್ರೋಲ್ ಡಬ್ಬಿಯ ಮುಚ್ಚಳ ತೆಗೆದ ಪ್ರತಿ ಸಲವೂ ಸುತ್ತ ಹೊತ್ತಿಕೊಳ್ಳಬಲ್ಲ ಆವಿ ಇದ್ದೇ ಇರುತ್ತದೆ.

ಇನ್ನೂ ಕೆಟ್ಟ ಗುಣವೊಂದಿದೆ. ಈ ಆವಿ ಗಾಳಿಗಿಂತ ಭಾರ. ಸಾಂಬ್ರಾಣಿ ಹೊಗೆಯಂತೆ ಮೇಲೇರಿ ಹೋಗುವುದಿಲ್ಲ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ದೋಣಿ ಎಂದರೇ ಒಂದು ಬೋಗುಣಿ. ಒಳಗೆ ಚೆಲ್ಲಿದ ಪೆಟ್ರೋಲಿನ ಆವಿ ಹಲಗೆಗಳಡಿಯ ತಗ್ಗಿನಲ್ಲಿ ನಿಂತು ಕಿಡಿಗಾಗಿ ಕಾಯುತ್ತದೆ. ಗ್ಯಾಸ್ ಸಿಲಿಂಡರ್ ಸೋರಿದಾಗ ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆರೆಯಿರಿ ಎಂದು ಮನೆಯಲ್ಲಿ ಕಲಿತದ್ದು ಇಲ್ಲಿಗೂ ಸರಿ. ದೋಣಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಬ್ಯಾಟರಿ ಸ್ವಿಚ್ಚೂ ಬೇಡ, ಒಲೆಯೂ ಬೇಡ, ಎಂಜಿನ್ನೂ ಬೇಡ. ಚೆಲ್ಲಿದ್ದನ್ನು ಒರೆಸಿ, ಗಾಳಿಯಾಡಿಸಿ, ವಾಸನೆ ಹೋಗುವವರೆಗೆ ಕಾಯಬೇಕು.

ಟ್ಯಾಂಕ್ ತುಂಬಿಸುವುದು ದೋಣಿಯ ಹೊರಗೆ. ಎತ್ತಬಹುದಾದ ಟ್ಯಾಂಕನ್ನು ಜೆಟ್ಟಿಯ ನೆಲದ ಮೇಲಿಟ್ಟು ತುಂಬಿಸಿ. ನೆಲಕ್ಕೆ ತಾಗಿದ್ದರೆ ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರವಿದ್ಯುತ್ತು ಕಿಡಿಯಾಗದೆ ಭೂಮಿಗೆ ಇಳಿಯುತ್ತದೆ. ಕಂಠಮಟ್ಟ ತುಂಬಿಸಬೇಡಿ, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ಎಂಜಿನ್ನಿನ ಮೇಲೆಯೇ ಪುಟ್ಟ ಟ್ಯಾಂಕ್ ಇರುವ ಮಾದರಿಗಳಲ್ಲಿ ಹಿಡಿಸುವುದು ಸುಮಾರು ಒಂದು ಲೀಟರ್. ಪೂರ್ಣ ವೇಗದಲ್ಲಿ ಅದು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅಳಿವೆಯ ನಡುವೆ ಬಿಸಿ ಎಂಜಿನ್ನಿನ ಮೇಲೆ, ಓಲಾಡುವ ದೋಣಿಯಲ್ಲಿ ಪೆಟ್ರೋಲ್ ಸುರಿಯುವುದಕ್ಕಿಂತ ಅಪಾಯದ ಕೆಲಸ ಕಡಿಮೆ. ಅಳಿವೆಗೆ ಬರುವ ಮೊದಲೇ, ಎಂಜಿನ್ ತಣ್ಣಗಿದ್ದಾಗಲೇ ತುಂಬಿಸಿಟ್ಟುಕೊಳ್ಳಬೇಕು.

ಈಗ ಎಥೆನಾಲ್ ವಿಚಾರ. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಅನೇಕ ಔಟ್‌ಬೋರ್ಡುಗಳ ಕೈಪಿಡಿಗಳು ಒಪ್ಪುವುದು ಶೇ 10ರವರೆಗೆ. ಎಥೆನಾಲ್ ಉಪ್ಪಿನ ಹಾಗೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರು ಹೆಚ್ಚಾಗಿ, ಎಥೆನಾಲ್ ಮತ್ತು ನೀರು ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಎಂಜಿನ್ ಹೀರುವುದು ತಳದಿಂದಲೇ. ವಾರಕ್ಕೊಮ್ಮೆ ಹತ್ತು ನಿಮಿಷ ಓಡುವ ಹಾಯಿದೋಣಿಯ ಎಂಜಿನ್ನಿಗೆ ಇದು ನಾಡದೋಣಿಯ ಎಂಜಿನ್ನಿಗಿಂತ ದೊಡ್ಡ ತೊಂದರೆ. ಅಲ್ಲಿ ದಿನದ ಪೆಟ್ರೋಲ್ ದಿನಕ್ಕೇ ಮುಗಿಯುತ್ತದೆ. ಸ್ವಲ್ಪ ಸ್ವಲ್ಪವೇ ತಂದು ಬೇಗ ಬಳಸುವುದು, ನಡುವೆ ನೀರು ಸೋಸುವ ಫಿಲ್ಟರ್ ಹಾಕುವುದು, ಕೈಪಿಡಿ ಓದುವುದು, ಇವು ಮೂರೇ ದಾರಿ.

ಟೂ-ಸ್ಟ್ರೋಕ್ ಎಂಜಿನ್ನಾದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಹಲವು ಮಾದರಿಗಳಲ್ಲಿ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿಲೀಟರ್. ಫೋರ್-ಸ್ಟ್ರೋಕಿಗೆ ಬೆರೆಸಬಾರದು, ಅದರ ಎಣ್ಣೆಗೆ ಬೇರೆ ಜಾಗವಿದೆ.

ಸ್ಟಾರ್ಟ್ ಮಾಡುವ ಕ್ರಮ

ಲೈಫ್ ಜಾಕೆಟ್ ಮೊದಲು. ಎಂಜಿನ್ ಇರುವುದು ದೋಣಿಯ ತುದಿಯಲ್ಲಿ, ಹಗ್ಗ ಎಳೆಯುವ ಜೋರಿಗೆ ಹಿಂದಕ್ಕೆ ಬೀಳುವುದು ಅಪರೂಪವಲ್ಲ. ನಿಂತು ಎಳೆಯದೆ ಮಂಡಿಯೂರಿ ಎಳೆಯಿರಿ, ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಹಿಡಿದಿರಲಿ.

ಎಂಜಿನ್ನನ್ನು ನೀರಿಗೆ ಇಳಿಸಿ. ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿತಿರುಪು ತೆರೆಯಿರಿ. ಈ ತಿರುಪಿನ ಬಗ್ಗೆ ಒಂದು ಮಾತು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಂತೆ ಅಷ್ಟೇ ಗಾಳಿ ಒಳಗೆ ಬರಬೇಕು. ತಿರುಪು ಮುಚ್ಚಿದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಕೆಲವು ನಿಮಿಷ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಉಸಿರುಕಟ್ಟಿ ನಿಲ್ಲುತ್ತದೆ. ಅಂದರೆ ಜೆಟ್ಟಿಯಲ್ಲಿ ಓಡಿ ಅಳಿವೆಯ ನಡುವೆ ನಿಲ್ಲುತ್ತದೆ. ನನಗೆ ಹೀಗಾದ ದಿನ ಪ್ಲಗ್ ಬಿಚ್ಚಿ ಒರೆಸಿ ಹಾಕಿದೆ, ಹತ್ತಾರು ಸಲ ಹಗ್ಗ ಎಳೆದೆ. ಪಕ್ಕದಿಂದ ಹೋಗುತ್ತಿದ್ದ ನಾಡದೋಣಿಯ ಹಿರಿಯರೊಬ್ಬರು ಟ್ಯಾಂಕಿನ ಕಡೆ ಬೆರಳು ಮಾಡಿ ತೋರಿಸಿದ ಮೇಲೆಯೇ ತಿಳಿದದ್ದು. ಅಂದಿನಿಂದ ನಾನು ಮೊದಲು ಮುಟ್ಟುವುದು ಆ ತಿರುಪನ್ನೇ.

ಮುಂದೆ, ಪೆಟ್ರೋಲ್ ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೆ ಅದುಮಿ. ಉಂಡೆಯ ಮೇಲಿನ ಬಾಣ ಎಂಜಿನ್ನಿನ ಕಡೆಗಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಕೆಂಪು ಹಗ್ಗ ತೊಡೆಗಿದೆಯೇ, ನೀರಿನಲ್ಲಿ ಹಗ್ಗವಾಗಲಿ ಜನರಾಗಲಿ ಇಲ್ಲವೇ ನೋಡಿ. ತಣ್ಣಗಿರುವ ಎಂಜಿನ್ನಿಗೆ ಚೋಕ್ ಎಳೆಯಿರಿ. ಹಗ್ಗವನ್ನು ಬಿಗಿ ಸಿಗುವವರೆಗೆ ನಿಧಾನವಾಗಿ ಎಳೆದು, ಅಲ್ಲಿಂದ ಒಂದೇ ಸಮನೆ ಜೋರಾಗಿ ಎಳೆಯಿರಿ. ಹಿಂದೆ ಯಾರ ಮುಖವೂ ನಿಮ್ಮ ಮೊಣಕೈಗೆ ಎಟುಕುವಂತಿರಬಾರದು.

ಸ್ಟಾರ್ಟ್ ಆದ ಮೇಲೆ ಕಣ್ಣು ನೇರ ನೀರಿನ ಧಾರೆಯ ಕಡೆ. ಅದು ಕಂಡ ಮೇಲೆ ಚೋಕ್ ಒಳಗೆ ತಳ್ಳಿ ಒಂದೆರಡು ನಿಮಿಷ ಬಿಸಿಯಾಗಲು ಬಿಡಿ. ದೋಣಿ ಇನ್ನೂ ಕಟ್ಟಿರುವಾಗಲೇ ಮುಂದಿನ ಗೇರ್, ಹಿಂದಿನ ಗೇರ್ ಎರಡನ್ನೂ ಹಾಕಿ ಪರೀಕ್ಷಿಸಿ, ಯಾವಾಗಲೂ ವೇಗ ತಗ್ಗಿಸಿಯೇ. ಹಿಂದಿನ ಗೇರ್ ಹಾಕುವ ಮೊದಲು ಎಂಜಿನ್ ಮೇಲೇಳದಂತೆ ತಡೆಯುವ ಕೊಕ್ಕೆ ಬಿದ್ದಿರಬೇಕು. ಇಲ್ಲದಿದ್ದರೆ ಪ್ರೊಪೆಲ್ಲರ್ ತನ್ನ ಎಳೆತಕ್ಕೆ ತಾನೇ ನೀರಿನಿಂದ ಮೇಲೆದ್ದು ಬರುತ್ತದೆ, ಜೆಟ್ಟಿಯ ಮುಂದೆ ಬ್ರೇಕಿಲ್ಲದ ದೋಣಿ ನಿಮ್ಮದಾಗುತ್ತದೆ. ಹಿಂದಕ್ಕೆ ಹೋಗುವಾಗ ಚುಕ್ಕಾಣಿಯನ್ನು ಗಟ್ಟಿ ಹಿಡಿಯಬೇಕು, ನೀರು ಅದನ್ನು ಒಂದು ಬದಿಗೆ ಒಮ್ಮೆಲೇ ತಿರುವಿಬಿಡುತ್ತದೆ. ಕೆಲವು ದೋಣಿಗಳಲ್ಲಿ ಎಂಜಿನ್ನನ್ನು ಪೂರ್ತಿ ಹೊರಳಿಸಿದರೆ ಪ್ರೊಪೆಲ್ಲರ್ ಚುಕ್ಕಾಣಿಯ ಹಲಗೆಗೇ ತಾಗುತ್ತದೆ. ನಿಮ್ಮದರಲ್ಲಿ ಹೇಗೆಂದು ಎಂಜಿನ್ ಆಫ್ ಇದ್ದಾಗಲೇ ಹೊರಳಿಸಿ ನೋಡಿಟ್ಟುಕೊಳ್ಳಿ.

ಹಿಂದಿನಿಂದ ಗಾಳಿ ಬರುವಾಗ ಎಂಜಿನ್ನಿನ ಹೊಗೆ ದೋಣಿಯೊಳಕ್ಕೇ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಓಕರಿಕೆ. ಕಡಲ ಮೇಲೆ ಅದನ್ನು ಅಲೆಯ ತಲೆಸುತ್ತು ಎಂದು ತಪ್ಪು ತಿಳಿಯುವುದು ಸುಲಭ. ಬಿಸಿಲಿಗೆಂದು ಟಾರ್ಪಾಲಿನಿಂದ ಮುಚ್ಚಿದ ದೋಣಿಯಲ್ಲಿ ಎಂಜಿನ್ ಓಡಿಸಬಾರದು.

ಅಳಿವೆಯಲ್ಲಿ

ಹೊಳೆಯ ಇಳಿತದ ನೀರು ಹೊರಗೆ ಹರಿಯುವಾಗ ಕಡಲ ಅಲೆ ಒಳಗೆ ಬರುತ್ತದೆ. ಎರಡೂ ಎದುರಾದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಹಾಗಾಗಿ ದಾಟಲು ಒಳ್ಳೆಯ ಹೊತ್ತು ಉಬ್ಬರ ಏರುತ್ತಿರುವಾಗ, ಬೆಳಕಿರುವಾಗ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ, ಆದ್ದರಿಂದ ನಿನ್ನೆಯ ಹೊತ್ತು ಇಂದಿಗೆ ನಡೆಯದು. ಪ್ರತಿ ಮಳೆಗಾಲವೂ ಮರಳುದಿಬ್ಬಗಳನ್ನು ಸರಿಸಿಡುತ್ತದೆ, ನಕಾಶೆಗಿಂತ ಅಲ್ಲಿನ ಮೀನುಗಾರರ ಮಾತು ಮೇಲು.

ಎಂಜಿನ್ನನ್ನು ಅಳಿವೆಗೆ ಬಹಳ ಮೊದಲೇ ಸ್ಟಾರ್ಟ್ ಮಾಡಬೇಕು, ಹಾಯಿ ಇನ್ನೂ ಮೇಲಿರುವಾಗಲೇ. ಅದು ಸರಿಯಾಗಿ ಓಡುತ್ತದೆಂದು ಖಾತ್ರಿಯಾದ ಮೇಲೆ ಹಾಯಿ ಇಳಿಸುವುದು. ಇಳಿಸಿದ ಹಾಯಿಯನ್ನು ಮಡಚಿ ಚೀಲ ಸೇರಿಸಬಾರದು, ಒಂದೇ ಎಳೆತಕ್ಕೆ ಮೇಲೇರುವಂತಿರಬೇಕು. ಮುಂತುದಿಯಲ್ಲಿ ಲಂಗರು ಬಿಡಲು ಸಿದ್ಧವಾಗಿರಬೇಕು, ಅದರ ಹಗ್ಗದ ಕೊನೆ ದೋಣಿಗೆ ಕಟ್ಟಿರಬೇಕು. ಎಂಜಿನ್ ನಿಂತರೆ ನಮ್ಮ ಪಾಲಿಗೆ ಉಳಿದಿರುವ ಬ್ರೇಕು ಅದೊಂದೇ.

ಕಾನೂನಿನ ಒಂದು ಅಂಶ ಹಲವರಿಗೆ ಗೊತ್ತಿಲ್ಲ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಹಾಯಿ ಎತ್ತಿದ್ದರೂ ಎಂಜಿನ್ ತಳ್ಳುತ್ತಿದ್ದರೆ ಆ ದೋಣಿ ಎಂಜಿನ್ ದೋಣಿಯೇ. ಹಾಯಿದೋಣಿಗೆ ಸಿಗುವ ದಾರಿಯ ಹಕ್ಕು ಆಗ ಇಲ್ಲ. ಎದುರಿಗೆ ಇನ್ನೊಂದು ಎಂಜಿನ್ ದೋಣಿ ಬಂದರೆ ಇಬ್ಬರೂ ತಮ್ಮ ಬಲಕ್ಕೆ ತಿರುಗಬೇಕು. ಬಲೆ ಬಿಟ್ಟು ಮೀನು ಹಿಡಿಯುತ್ತಿರುವ ದೋಣಿಗೆ ನಾವೇ ದಾರಿ ಬಿಡಬೇಕು.

ಒಳಗೆ ಬಂದು ಮತ್ತೆ ಹಾಯಿ ಎತ್ತಿದರೆ ಎಂಜಿನ್ ನಿಲ್ಲಿಸಿ ನೀರಿನಿಂದ ಮೇಲಕ್ಕೆತ್ತಿ ಕೊಕ್ಕೆ ಹಾಕಿ. ನೀರಿನಲ್ಲೇ ಬಿಟ್ಟರೆ ಅದು ದೋಣಿಯನ್ನು ಹಿಂದಕ್ಕೆಳೆಯುತ್ತದೆ, ದೋಣಿ ವಾಲಿದಾಗ ಅಲೆ ಎಂಜಿನ್ನಿನ ತಲೆಯವರೆಗೂ ಬರುತ್ತದೆ.

ನಿಂತೇಹೋದರೆ

ಮೊದಲು ದೋಣಿ, ಆಮೇಲೆ ಎಂಜಿನ್. ಕಲ್ಲಿನ ಕಡೆಗೆ ತೇಲುತ್ತಿದ್ದರೆ ಲಂಗರು ಬಿಡಿ. ಗಾಳಿಯಿದ್ದರೆ ಹಾಯಿ ಎತ್ತಿ. ದೋಣಿ ನಿಂತ ಮೇಲೆ ಹುಡುಕಾಟ. ಕೆಂಪು ತುಂಡು ಜಾಗದಲ್ಲಿದೆಯೇ? ಗಾಳಿತಿರುಪು ತೆರೆದಿದೆಯೇ? ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಕೊಳವೆ ಕಳಚಿಲ್ಲವೇ, ಯಾರದೋ ಕಾಲಡಿ ಸಿಕ್ಕಿ ಒತ್ತಿಹೋಗಿಲ್ಲವೇ? ಪೆಟ್ರೋಲಿನ ಗಾಢ ವಾಸನೆ ಬರುತ್ತಿದ್ದರೆ ಎಂಜಿನ್ ಅತಿಯಾಗಿ ಕುಡಿದಿದೆ. ಚೋಕ್ ಒಳಗೆ ತಳ್ಳಿ, ಚೆಲ್ಲಿದ್ದಿದ್ದರೆ ಒರೆಸಿ, ಹತ್ತು ನಿಮಿಷ ಗಾಳಿಯಾಡಲು ಬಿಟ್ಟು, ವಾಸನೆ ಹೋದ ಮೇಲೆ ವೇಗದ ಹಿಡಿಕೆ ತುಸು ಹೆಚ್ಚು ತೆರೆದು ಎಳೆಯಿರಿ. ಇಷ್ಟರಲ್ಲೇ ಬಹುಪಾಲು ಎಂಜಿನ್ನುಗಳು ಎಚ್ಚರಗೊಳ್ಳುತ್ತವೆ. ಬಿಡಿ ಸ್ಪಾರ್ಕ್ ಪ್ಲಗ್, ಅದರ ಸ್ಪ್ಯಾನರ್, ಚಾಕು ಮತ್ತು ಒಂದು ಜೋಡಿ ಹುಟ್ಟು ದೋಣಿಯಲ್ಲಿರಲಿ.

ಕೈಮೀರುತ್ತಿದೆ ಅನ್ನಿಸಿದರೆ ಕತ್ತಲಾಗುವವರೆಗೆ ಕಾಯಬೇಡಿ. ಕರಾವಳಿ ಕಾವಲು ಪಡೆಯ ಶೋಧ ಮತ್ತು ರಕ್ಷಣಾ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದ್ದು 1093. ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್.

ದಡ ಸೇರಿದ ಮೇಲೆ

ಉಪ್ಪುನೀರು ಎಂಜಿನ್ನಿನೊಳಗೆ ಒಣಗಿದರೆ ಉಪ್ಪಿನ ಪದರವಾಗಿ ದಾರಿ ಮುಚ್ಚುತ್ತದೆ. ಒಂದು ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ಎಂಜಿನ್ನಿನ ಕಾಲನ್ನು ಜಾಲರಿ ಮುಳುಗುವಂತೆ ಅದರಲ್ಲಿ ಇಳಿಸಿ, ನ್ಯೂಟ್ರಲ್‌ನಲ್ಲೇ ಐದಾರು ನಿಮಿಷ ಬಯಲಿನಲ್ಲಿ ಓಡಿಸಿ. ಎಂಜಿನ್ ಕೆಲವು ವಾರ ಸುಮ್ಮನಿರುವುದಾದರೆ ಕೊನೆಗೆ ಪೆಟ್ರೋಲ್ ಕೊಳವೆ ಕಳಚಿ, ಒಳಗಿನದು ಮುಗಿದು ತಾನಾಗಿಯೇ ನಿಲ್ಲಲು ಬಿಡಿ, ಕಾರ್ಬ್ಯುರೇಟರಿನ ಕೂದಲೆಳೆಯಂಥ ತೂತುಗಳಲ್ಲಿ ಅಂಟು ಕಟ್ಟುವುದಿಲ್ಲ. ವರ್ಷಕ್ಕೊಮ್ಮೆ ಗೇರುಪೆಟ್ಟಿಗೆಯ ಎಣ್ಣೆ ಇಳಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಸೀಲ್ ಬದಲಿಸಬೇಕು. ಕಾಲಿಗೆ ಅಂಟಿಸಿದ ಸತುವಿನ ತುಂಡನ್ನೂ ನೋಡಿ. ಎಂಜಿನ್ನಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅರ್ಧ ಸವೆದಾಗ ಹೊಸದು ಹಾಕಬೇಕು, ಅದಕ್ಕೆ ಬಣ್ಣ ಬಳಿಯಬಾರದು.

ಎಂಜಿನ್ನನ್ನು ಮನೆಗೆ ಒಯ್ಯುವುದಾದರೆ ಮೊದಲು ಗಾಳಿತಿರುಪು ಮುಚ್ಚಿ, ಒಳಗಿನ ನೀರೆಲ್ಲ ಇಳಿಯುವವರೆಗೆ ನೆಟ್ಟಗೆ ಹಿಡಿದಿಡಿ. ಮಲಗಿಸುವಾಗ ಕೈಪಿಡಿ ಹೇಳಿದ ಮಗ್ಗುಲಿಗೇ ಮಲಗಿಸಿ. ಫೋರ್-ಸ್ಟ್ರೋಕನ್ನು ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಣ್ಣೆ ಹರಿದು ಸಿಲಿಂಡರ್ ಸೇರುತ್ತದೆ, ಮುಂದಿನ ಸಲ ಹಗ್ಗ ಎಳೆದರೆ ಕಲ್ಲಿನಂತೆ ಬಿಗಿದುಕೊಂಡಿರುತ್ತದೆ. ಕೆಂಪು ತುಂಡನ್ನು ಎಂಜಿನ್ನಿನಲ್ಲೇ ಬಿಡದೆ ಬೇರೆ ತೆಗೆದಿಡಿ, ಮನೆಯ ಮಕ್ಕಳ ಕೈಗೆ ಹಗ್ಗ ಸಿಕ್ಕರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.